ಹಳೆಯ ಸ್ಟೇಷನ್ ವ್ಯಾಗನ್‌ಗೆ ಗಾಳಿ ಸೀಳುವ ಸಾಮಾನು: ಯಾವುದನ್ನು ತರಬೇಕು, ಯಾವುದನ್ನು ಬಿಚ್ಚಬೇಕು

ಟಾಟಾ ಇಂಡಿಗೊ ಮರೀನಾ ಹೈವೇಯಲ್ಲಿ ನೂರು ಕಿಲೋಮೀಟರ್ ಓಡಿ ಬಂದು ನಿಂತಾಗ ಅದರ ಹಿಂದಿನ ಗಾಜನ್ನು ನೋಡಿ. ಪಕ್ಕದ ಗಾಜುಗಳು ಹೆಚ್ಚೂಕಡಿಮೆ ಶುಚಿಯಾಗಿಯೇ ಇರುತ್ತವೆ, ಡಿಕ್ಕಿ ಬಾಗಿಲಿನ ಗಾಜಿನ ಮೇಲೆ ಮಾತ್ರ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಚಾವಣಿಯ ಅಂಚಿನವರೆಗೆ ಮೈಗೆ ಅಂಟಿಕೊಂಡು ಬಂದ ಗಾಳಿ ಅಲ್ಲಿ ಕಿತ್ತುಕೊಂಡು ಹೋಗುತ್ತದೆ. ಹಿಂದೆ ಒತ್ತಡ ಕಡಿಮೆಯಾಗಿ ಗಾಳಿಯಲ್ಲೇ ಒಂದು ಗುಂಡಿ ಬೀಳುತ್ತದೆ. ರಸ್ತೆಯ ಧೂಳು ಸುತ್ತಿ ಸುಳಿದು ಅದರೊಳಗೆ ಬಂದು ಗಾಜಿಗೆ ಕೂರುತ್ತದೆ. ಗಾಡಿಯನ್ನು ಹಿಂದಕ್ಕೆ ಜಗ್ಗುವುದರಲ್ಲಿ ದೊಡ್ಡ ಪಾಲು ಇದೇ ಗುಂಡಿಯದು.

ಮರೀನಾದಂತೆ ಚಾವಣಿ ಡಿಕ್ಕಿಯ ತುದಿಯವರೆಗೂ ಚಾಚಿದ ಕಾರೇ ಸ್ಟೇಷನ್ ವ್ಯಾಗನ್. ನಮ್ಮಲ್ಲಿ ಸ್ಟೇಷನ್ ವ್ಯಾಗನ್‌ಗಳು ಬೆರಳೆಣಿಕೆಯಷ್ಟು. 1992ರ ಟಾಟಾ ಎಸ್ಟೇಟ್, ಮಾರುತಿ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರಲ್ಲಿ ಬಂದ ಮರೀನಾ. ಮಾರಾಟ ನಿಂತು ಎಷ್ಟೋ ವರ್ಷವಾಗಿದೆ, ಇಟ್ಟುಕೊಂಡವರು ಬಿಡುವುದಿಲ್ಲ. ಸಂಸಾರವೂ ಸಾಮಾನೂ ಒಟ್ಟಿಗೆ ಹಿಡಿಸುವ, ಆದರೂ ಕಾರಿನಂತೆಯೇ ಓಡುವ ಗಾಡಿ ಮತ್ತೆ ಸಿಗುವುದು ಕಷ್ಟ. ಇಂಥ ಗಾಡಿಯ ಮೈಲೇಜ್ ಏರಿಸುತ್ತೇವೆ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಮಾರುವ ಸಾಮಾನುಗಳನ್ನೂ, ಕೈಯಲ್ಲೇ ಮಾಡಿಕೊಳ್ಳಬಹುದಾದವನ್ನೂ ಇಲ್ಲಿ ಒಂದೊಂದಾಗಿ ತೂಗಿ ನೋಡಿದೆ. ಅಳತೆಗೋಲು 1.4 ಲೀಟರ್ ಎಂಜಿನ್ನಿನ, 175/65 ಆರ್ 14 ಟೈರಿನ ಮರೀನಾ. ಬೇರೆ ವ್ಯಾಗನ್‌ಗಳಿಗೂ ಹೆಚ್ಚಿನದು ಒಪ್ಪುತ್ತದೆ.

ಒಂದು ಲೆಕ್ಕ ಮೊದಲೇ ಇರಲಿ. ಇಬ್ಬರು ಕೂತ ಗಾಡಿ 1,300 ಕೆ.ಜಿ., ಗಾಳಿ ಎಳೆತದ ಗುಣಾಂಕ (ಗಾಡಿಯ ಆಕಾರ ಗಾಳಿಗೆ ಎಷ್ಟು ಅಡ್ಡ ಎಂಬುದರ ಅಂಕಿ) 0.35, ಎದುರಿನ ವಿಸ್ತೀರ್ಣ 2.1 ಚದರ ಮೀಟರ್ ಎಂದು ಹಿಡಿಯಿರಿ. ಟೈರು ಉರುಳಿಸಲು ಬೇಕಾದ ಬಲ ಯಾವ ವೇಗದಲ್ಲೂ ಸುಮಾರು 15-16 ಕೆ.ಜಿ. ಭಾರದಷ್ಟು. ಗಾಳಿಯದು ಹಾಗಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ 5 ಕೆ.ಜಿ., 60ರಲ್ಲಿ 11, 80ರಲ್ಲಿ 20, 100ರಲ್ಲಿ 31. ಅಂದರೆ 70 ದಾಟಿದ ಮೇಲೆ ಗಾಳಿಯೇ ಯಜಮಾನ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲೇ ದಿನ ಕಳೆಯುವ ಗಾಡಿಗೆ ಕೆಳಗಿನ ಯಾವ ಸಾಮಾನೂ ಬೇಡ. ಅದಕ್ಕೆ ಹಾಕುವ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ತಿಂಗಳಿಗೆ ನಾಲ್ಕು ಸಲ ಹಾಸನಕ್ಕೋ ಹುಬ್ಬಳ್ಳಿಗೋ ಹೋಗಿಬರುವ ಗಾಡಿಯಾದರೆ ಮುಂದೆ ಓದಿ. ಈ ಲೆಕ್ಕ ಬೆಂಗಳೂರಿನ ಎತ್ತರದ ಗಾಳಿಯದು. ಮಂಗಳೂರಿನ ಗಾಳಿ ಸುಮಾರು ಶೇ. 9ರಷ್ಟು ದಟ್ಟ, ಹಾಗಾಗಿ ಕರಾವಳಿಯಲ್ಲಿ ಓಡುವವರಿಗೆ ಲಾಭ ಇನ್ನೂ ಸ್ವಲ್ಪ ಹೆಚ್ಚು.

ಕಾಸಿಲ್ಲದ ಲಾಭ: ಬಿಚ್ಚುವುದು

ಚಾವಣಿಯ ಕ್ಯಾರಿಯರ್ ಮೊದಲು ಇಳಿಸಿ. ವ್ಯಾಗನ್ ಇಟ್ಟುಕೊಂಡವರಲ್ಲಿ ಬಹಳ ಮಂದಿ ವರ್ಷಕ್ಕೆರಡು ಸಲ ಬೇಕಾಗುವ ಕ್ಯಾರಿಯರ್ ಅನ್ನು ವರ್ಷವಿಡೀ ಹೊತ್ತು ತಿರುಗುತ್ತಾರೆ. ಅಡ್ಡಪಟ್ಟಿಗಳು ಗಾಳಿ ಅತಿ ವೇಗವಾಗಿ ಹರಿಯುವ ಜಾಗದಲ್ಲೇ ನಿಂತಿರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಚಾವಣಿಯ ಮೇಲೆ ದೊಡ್ಡ ಮೊಂಡು ಪೆಟ್ಟಿಗೆ ಕಟ್ಟಿದರೆ ಹೈವೇಯಲ್ಲಿ ಮೈಲೇಜ್ ಶೇ. 6ರಿಂದ 17ರವರೆಗೆ, ಗಂಟೆಗೆ 105-120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25ರವರೆಗೆ ಬೀಳುತ್ತದೆ. ಖಾಲಿ ಕ್ಯಾರಿಯರ್ ಅಷ್ಟು ತಿನ್ನುವುದಿಲ್ಲ, ಆದರೆ ಇಲ್ಲಿ ಹೇಳುವ ಯಾವುದೇ ಒಂದು ಸಾಮಾನು ಉಳಿಸುವುದನ್ನು ಅದೊಂದೇ ನುಂಗಿಬಿಡುತ್ತದೆ. ಉದ್ದಕ್ಕೆ ಹೋಗುವ ರೂಫ್ ರೈಲ್ ಇರಲಿ. ಅದನ್ನು ಕಿತ್ತರೆ ಉಳಿಯುವ ತೂತುಗಳಿಂದ ಮಳೆಗಾಲದಲ್ಲಿ ನೀರು ಇಳಿದು ಒಳಚಾವಣಿಯ ಬಟ್ಟೆ ಹಾಳಾಗುತ್ತದೆ. ಅಷ್ಟು ಕಷ್ಟಕ್ಕೆ ತಕ್ಕ ಲಾಭವಿಲ್ಲ.

ಬಾಗಿಲಿನ ಮೇಲೆ ಅಂಟಿಸುವ ಮಳೆ ವೈಸರ್‌ಗಳು ಎರಡನೆಯದು. ಕನ್ನಡಿ ದಾಟಿ ಬರುವ ಗಾಳಿಯನ್ನು ಕೆದಕುತ್ತವೆ, ಸದ್ದೂ ಹೆಚ್ಚು. ಬಿಚ್ಚುವಾಗ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಮೀನು ಹಿಡಿಯುವ ನೈಲಾನ್ ದಾರವನ್ನು ಅಂಟಿನ ಮಧ್ಯೆ ಗರಗಸದಂತೆ ಎಳೆದರೆ ಬಣ್ಣ ಏಳುವುದಿಲ್ಲ. ಮುಂದಿನ ಬುಲ್ ಬಾರ್ ಇದ್ದರೆ ಇವತ್ತೇ ಇಳಿಸಿ. ಅದು ಭಾರ, ಗಾಳಿಗೆ ಅಡ್ಡ, ಎದುರು ನಡೆದು ಬರುವವರಿಗೆ ಅಪಾಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಅದು ಕಾನೂನುಬಾಹಿರ ಎಂದು ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ತಿಳಿಸಿದೆ.

ಗಾಳಿಯ ಮೇಲೆ ಗೂಬೆ ಕೂರಿಸುವ ಮುನ್ನ

ಹದಿನೈದು-ಇಪ್ಪತ್ತು ವರ್ಷ ಓಡಿದ ಗಾಡಿಯಲ್ಲಿ ಇಂಧನ ಸೋರುವ ಜಾಗಗಳು ಬೇರೆ ಇವೆ. ಅವನ್ನು ಬಿಟ್ಟು ಚಾವಣಿಯ ಹಿಂತುದಿಗೆ ಸ್ಪಾಯ್ಲರ್ ಎಂಬ ರೆಕ್ಕೆ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿದಂತೆ.

ಎಲ್ಲಕ್ಕಿಂತ ಮೊದಲು ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ. ಎಂದೋ ಒಂದು ಸಲ ಬಿಸಿಯಾಯಿತೆಂದು ಮೆಕ್ಯಾನಿಕ್ ಅದನ್ನು ತೆಗೆದು ಹಾಗೇ ಮುಚ್ಚಿ ಕಳಿಸಿರುವ ಗಾಡಿಗಳು ಬೇಕಾದಷ್ಟಿವೆ. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಹೈವೇಯಲ್ಲಿ ತಣ್ಣಗೇ ಓಡುತ್ತದೆ, ಆಯಿಲ್ ಗಟ್ಟಿಯಾಗಿರುತ್ತದೆ, ಇಂಧನ ಸರಿಯಾಗಿ ಉರಿಯುವುದಿಲ್ಲ. ಗುರುತು ಹಿಡಿಯುವುದು ಸುಲಭ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಮೇಲೆ ಕೈ ಇಡಿ. ಥರ್ಮೋಸ್ಟ್ಯಾಟ್ ಇದ್ದರೆ ಹೋಸ್ ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಗುತ್ತದೆ. ಹೊಸ ಥರ್ಮೋಸ್ಟ್ಯಾಟನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ಕಾಯಿಸಿ, ತೆರೆಯುತ್ತದೆಯೇ ನೋಡಿಕೊಳ್ಳಿ.

ಆಮೇಲೆ ಬ್ರೇಕ್. ಹತ್ತು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ, ತಾನಾಗಿ ನಿಲ್ಲುವಂತೆ ಬಿಟ್ಟು, ನಾಲ್ಕೂ ರಿಮ್‌ಗಳ ನಡುಭಾಗಕ್ಕೆ ಕೈ ಹತ್ತಿರ ಒಯ್ದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಪಿನ್ನೋ ಹಿಂದಿನ ಹ್ಯಾಂಡ್‌ಬ್ರೇಕ್ ಕೇಬಲ್ಲೋ ಹಿಡಿದಿದೆ. ಟೈರಿನ ಗಾಳಿಯನ್ನು ಓಡಿಸುವ ಮೊದಲು, ತಣ್ಣಗಿರುವಾಗಲೇ ಅಳೆಯಬೇಕು. ನಾಲ್ಕೂ ಟೈರಿನಲ್ಲಿ 1 ಪಿ.ಎಸ್.ಐ. ಕಡಿಮೆಯಾದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ. ಹತ್ತು ಪಿ.ಎಸ್.ಐ. ಕಡಿಮೆ ಇಟ್ಟುಕೊಂಡು ಓಡುವವರಿದ್ದಾರೆ, ಅದು ಶೇ. 2. ಮರೀನಾದವರು 185/65 ಟೈರು ಹಾಕಿಸಿದ್ದರೆ ಇನ್ನೊಂದು ಸೂಕ್ಷ್ಮ: ಚಕ್ರ ಶೇ. 2.2ರಷ್ಟು ದೊಡ್ಡದಾಗುತ್ತದೆ, ಓಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಮೈಲೇಜ್ ಬಿದ್ದಿದೆ ಎನಿಸಿದ್ದರಲ್ಲಿ ಒಂದು ಪಾಲು ಬರೀ ಲೆಕ್ಕದ ತಪ್ಪಿರಬಹುದು.

ಪೆಟ್ರೋಲ್ ವ್ಯಾಗನ್‌ನವರು ಇದನ್ನೂ ಗಮನಿಸಬೇಕು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ ಕಾರುಗಳ ಮೈಲೇಜ್ ಶೇ. 6-7ರಷ್ಟು ಬೀಳಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದೆ. ಹಿಂದೆ ಬರುತ್ತಿದ್ದ ಮೈಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಈಗಿನ ಫಲಿತಾಂಶ ತೂಗಬೇಡಿ. ಹೊಸ ಇಂಧನದಲ್ಲೇ ಹೊಸದಾಗಿ ಅಳೆದು ಶುರುಮಾಡಿ.

ಹಿಂದಿನ ಸ್ಪ್ರಿಂಗ್ ಕುಸಿದಿದೆಯೇ ಎಂಬುದನ್ನೂ ನೋಡಿ. ವ್ಯಾಗನ್‌ಗಳಿಗೆ ಇದು ಸಾಮಾನ್ಯ ಕಾಯಿಲೆ. ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆಯಿರಿ. ಹಿಂದೆ ಕುಸಿದು ಮೂಗು ಮೇಲೆದ್ದ ಗಾಡಿ ತನ್ನ ಹೊಟ್ಟೆಯನ್ನೇ ಗಾಳಿಗೆ ಒಡ್ಡುತ್ತದೆ. ರಾತ್ರಿ ಎದುರಿನವರ ಕಣ್ಣಿಗೆ ಹೆಡ್‌ಲೈಟ್ ಹೊಡೆಯುವುದೂ ಇದರಿಂದಲೇ.

ಮುಂದಿನ ಜಾಲರಿ ಮುಚ್ಚುವುದು

ಕಡಿಮೆ ಖರ್ಚಿನಲ್ಲಿ ಕೈಗೆ ಸಿಗುವ ಕೆಲಸ ಇದು. ಆದರೆ ಅರ್ಧ ಮಂದಿ ತಪ್ಪು ಮಾಡುವುದೂ ಇಲ್ಲೇ. ಜಾಲರಿಯೊಳಗೆ ನುಗ್ಗಿದ ಗಾಳಿ ಎಂಜಿನ್ ಕೋಣೆಯಲ್ಲಿ ಗೊಂದಲವೆದ್ದು ಕೆಳಗೆ ಸುರಿಯುತ್ತದೆ, ಅದಷ್ಟೂ ಎಳೆತವೇ. ಹಳೆಯ ಕಾರುಗಳ ಬಾಯಿ ಬೇಕಾದ್ದಕ್ಕಿಂತ ದೊಡ್ಡದು.

ಆನ್‌ಲೈನ್‌ನಲ್ಲಿ ಮಾರುವ ಪ್ಲಾಸ್ಟಿಕ್ ಜಾಲರಿ ಮುಚ್ಚಳಗಳು ನಮ್ಮ ವ್ಯಾಗನ್‌ಗಳ ಅಳತೆಗೆ ಬರುವುದಿಲ್ಲ. ಅದರ ಬದಲು ಎಸಿ ಬಿಡಿಭಾಗದ ಅಂಗಡಿಯಲ್ಲಿ ತಾಮ್ರದ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ತನ್ನಿ. ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಜಾಲರಿಯ ಪಟ್ಟಿಗೆ ತೊಡಿಸಿದರೆ ಎರಡು ಪಟ್ಟಿಗಳ ನಡುವಿನ ಸಂದು ಮುಚ್ಚುತ್ತದೆ. ಒಂದೊಂದೇ ಕೊಳವೆ ಸೇರಿಸಬಹುದು, ಬೇಡವಾದರೆ ರಸ್ತೆ ಬದಿಯಲ್ಲೇ ಕಿತ್ತುಹಾಕಬಹುದು, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಮೊದಲು ಮೇಲಿನ ಜಾಲರಿಯ ಅರ್ಧ ಮಾತ್ರ ಮುಚ್ಚಿ. ಬಂಪರಿನ ಕೆಳಬಾಯಿ ಪೂರ್ತಿ ತೆರೆದಿರಲಿ. ರೇಡಿಯೇಟರಿಗೂ ಅದರ ಮುಂದಿರುವ ಎಸಿ ಕಂಡೆನ್ಸರಿಗೂ ಹೆಚ್ಚಿನ ಗಾಳಿ ಬರುವುದು ಅಲ್ಲಿಂದ. ಎಂಜಿನ್ ಉಸಿರೆಳೆಯುವ ಕೊಳವೆಯ ಬಾಯಿ, ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ ಅದರ ಬಾಯಿ, ಎರಡನ್ನೂ ಮುಟ್ಟಬೇಡಿ.

ಹೆಚ್ಚು ಮುಚ್ಚಿದರೆ ಮೊದಲು ದೂರು ಕೊಡುವುದು ಎಂಜಿನ್ ಅಲ್ಲ, ಎಸಿ. ಕಂಡೆನ್ಸರ್ ತಣಿಯದೆ ಗ್ಯಾಸಿನ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ದುಡಿಯುತ್ತದೆ, ಉಳಿಸಿದ ಡೀಸೆಲ್ ಅಲ್ಲೇ ಹೋಗುತ್ತದೆ. ಎಸಿ ಹಾಕದೆ 80ರಲ್ಲಿ ಓಡುವಾಗಲೂ ಫ್ಯಾನ್ ಆನ್ ಆಗುತ್ತಿದ್ದರೆ ಮುಚ್ಚಿದ್ದು ಜಾಸ್ತಿ ಆಯಿತೆಂದೇ ಅರ್ಥ. ಓಬಿಡಿ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ) ಸಾಕೆಟ್ ಇರುವ ಗಾಡಿಗಳಲ್ಲಿ ಬ್ಲೂಟೂತ್ ಅಡಾಪ್ಟರ್ ಹಾಕಿ ನೀರಿನ ಉಷ್ಣತೆ ನೋಡಬಹುದು. ಇಲ್ಲದ ಹಳೆಯ ಡೀಸೆಲ್‌ಗಳಿಗೆ ಮೇಲಿನ ಹೋಸ್‌ನಲ್ಲಿ ಕೂರುವ ಸೆನ್ಸರಿನ ಬೇರೆ ಮೀಟರ್ ಬೇಕು; ಡ್ಯಾಶ್‌ಬೋರ್ಡಿನ ಮುಳ್ಳು ನಡುವೆ ನಿಂತೇ ಇರುತ್ತದೆ, ಏರಿದ್ದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎಲ್ಲ ಕೊಳವೆಗಳನ್ನೂ ತೆಗೆದುಬಿಡಿ.

ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿದೆ, ಯಾರೂ ಮಾಡುವುದಿಲ್ಲ. ಬಂಪರಿನ ಬಾಯಿಗೂ ರೇಡಿಯೇಟರಿಗೂ ನಡುವೆ ಕಂಪನಿಯವರು ಕೊಟ್ಟ ಫೋಮ್ ಪಟ್ಟಿಗಳು ವಯಸ್ಸಾಗಿ ಉದುರಿಹೋಗಿರುತ್ತವೆ. ಒಳಗೆ ಬಂದ ಗಾಳಿ ರೇಡಿಯೇಟರ್ ಮೂಲಕ ಹೋಗದೆ ಪಕ್ಕದಿಂದ ನುಸುಳುತ್ತದೆ. ತಣಿಸುವ ಕೆಲಸವೂ ಇಲ್ಲ, ಎಳೆತ ಮಾತ್ರ ಉಂಟು. ಹೊಸ ಫೋಮ್ ಪಟ್ಟಿ ಅಂಟಿಸಿ ಆ ಸಂದುಗಳನ್ನು ಮುಚ್ಚಿದ ಮೇಲೆ ಜಾಲರಿಯನ್ನು ಮುಚ್ಚಿದರೆ ಉಷ್ಣತೆಯ ತಾಪತ್ರಯವೇ ಕಡಿಮೆ.

ಹೊಟ್ಟೆಯ ಕೆಳಗೆ

ಮುಂದಿನ ಏರ್ ಡ್ಯಾಮ್, ತಳದ ಹಾಳೆ ಎರಡೂ ಒಂದೇ ಕೆಲಸಕ್ಕೆ ಎರಡು ದಾರಿ. ಡ್ಯಾಮ್ ಎಂದರೆ ಬಂಪರಿನ ಕೆಳಗೆ ಇಳಿಬಿಟ್ಟ ಪಟ್ಟಿ, ಅದು ಗಾಳಿಯನ್ನು ಉಬ್ಬುತಗ್ಗಿನ ತಳಕ್ಕೆ ಹೋಗದಂತೆ ಪಕ್ಕಕ್ಕೆ ತಳ್ಳುತ್ತದೆ. ತಳದ ಹಾಳೆ ಆ ಉಬ್ಬುತಗ್ಗನ್ನೇ ನಯಮಾಡುತ್ತದೆ. ಎರಡನ್ನೂ ಪೂರ್ತಿ ಮಾಡಿದರೆ ಲಾಭ ಎರಡು ಪಟ್ಟಾಗುವುದಿಲ್ಲ.

ಡ್ಯಾಮಿಗೆ ಲಾರಿ ಮಡ್‌ಫ್ಲ್ಯಾಪಿನ 5 ಮಿ.ಮೀ. ರಬ್ಬರ್ ಸಾಕು. 3 ಮಿ.ಮೀ. ತಂದರೆ 90ರ ವೇಗದಲ್ಲಿ ಹಿಂದಕ್ಕೆ ಮಡಚಿಕೊಂಡು ಪಟಪಟ ಬಡಿಯುತ್ತದೆ. ಬಂಪರಿನ ಕೆಳ ಅಂಚಿಗೆ 20 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿ ಒತ್ತುಕೊಟ್ಟು, 6 ಮಿ.ಮೀ. ಬೋಲ್ಟು, ಅಗಲ ವಾಷರ್, ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್‌ಗಳನ್ನು 15 ಸೆಂ.ಮೀ.ಗೊಂದರಂತೆ ಬಿಗಿಯಬೇಕು. ಎಷ್ಟು ಇಳಿಬಿಡಬೇಕು? ಎಂಜಿನ್ ಕೆಳಗಿನ ಅತಿ ತಗ್ಗಾದ ಭಾಗ, ಸಾಮಾನ್ಯವಾಗಿ ಅಡ್ಡತೊಲೆಯಂಥ ಕ್ರಾಸ್‌ಮೆಂಬರ್ ಅಥವಾ ಆಯಿಲ್ ನಿಲ್ಲುವ ಸಂಪ್, ನೆಲದಿಂದ ಎಷ್ಟಿದೆ ಅಳೆಯಿರಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಇನ್ನೂ ಇಳಿಸಿದರೆ ಡ್ಯಾಮೇ ಗಾಳಿಗೆ ಗೋಡೆಯಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮೂರಿನ ಹಂಪುಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ, ಆದ್ದರಿಂದ ಬಗ್ಗಿ ಮತ್ತೆ ನೆಟ್ಟಗಾಗುವ ರಬ್ಬರೇ ಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ರೆಡಿಮೇಡ್ ಲಿಪ್‌ಗಳು ಒಂದೇ ತಿಂಗಳಿಗೆ ಸೀಳುತ್ತವೆ, ಸೀಳುವಾಗ ಬಂಪರನ್ನೂ ಜೊತೆಗೆ ಒಯ್ಯುತ್ತವೆ. ಅವನ್ನು ಕೊಳ್ಳಬೇಡಿ.

ತಳದ ಹಾಳೆಗೆ ಫ್ಲೆಕ್ಸ್ ಪ್ರಿಂಟಿನವರು ಬೋರ್ಡಿಗೆ ಬಳಸುವ 5 ಮಿ.ಮೀ. ಸನ್‌ಪ್ಯಾಕ್ ಶೀಟ್ ಒಳ್ಳೆಯದು. 8 ಅಡಿಗೆ 4 ಅಡಿಯ ಇಡೀ ಹಾಳೆ 3 ಕೆ.ಜಿ. ಆಸುಪಾಸು, ಕತ್ತರಿಸಲು ಪೇಪರ್ ಕಟರ್ ಸಾಕು. ಆದರೆ ಅದು ಪಾಲಿಪ್ರೊಪಿಲೀನ್. 100 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, 160ರ ಆಸುಪಾಸಿನಲ್ಲಿ ಕರಗುತ್ತದೆ. ಸೈಲೆನ್ಸರ್ ಪೈಪು ಅದಕ್ಕಿಂತ ಎಷ್ಟೋ ಬಿಸಿ. ಪೈಪಿನಿಂದ ಕನಿಷ್ಠ 8 ಸೆಂ.ಮೀ. ದೂರವಿರಲಿ, ಪೈಪು ಹೋಗುವ ನಡುಗಾಲುವೆಯನ್ನು ಪೂರ್ತಿ ತೆರೆದೇ ಬಿಡಿ. ತೀರಾ ಹತ್ತಿರ ಮುಚ್ಚಲೇಬೇಕಾದ ತುಂಡಿಗೆ 1 ಮಿ.ಮೀ. ಅಲ್ಯೂಮಿನಿಯಂ ಹಾಳೆ ಬಳಸಿ. ಎಸಿಪಿ (ಎರಡು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ) ಶೀಟ್ ಗಟ್ಟಿ, ನೋಡಲೂ ಚೆಂದ, ಆದರೆ ಅಷ್ಟೇ ಅಳತೆಗೆ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ಅದರ ನಡುವಿನ ಪ್ಲಾಸ್ಟಿಕ್ ಉರಿಯುತ್ತದೆ ಬೇರೆ.

ಕೆಲಸದ ಕ್ರಮ ಹೀಗೆ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಲೇಬೇಡಿ. ರಟ್ಟಿನ ಪೆಟ್ಟಿಗೆ ಬಿಚ್ಚಿ ಮೊದಲು ರಟ್ಟಿನಲ್ಲೇ ಅಳತೆ ಕತ್ತರಿಸಿ. ಮೊದಲ ತುಂಡು ಬಂಪರಿನಿಂದ ಕ್ರಾಸ್‌ಮೆಂಬರ್‌ವರೆಗೆ. ಹಾಳೆಯೊಳಗಿನ ಕೊಳವೆಗಳು ಗಾಡಿಯ ಉದ್ದಕ್ಕೆ ಬರುವಂತಿರಲಿ, ಮುಂದಿನ ಬಾಯಿಗಳನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ, ಹಿಂದಿನವನ್ನು ನೀರು ಇಳಿಯಲು ತೆರೆದಿಡಿ. ಮುಂದಿನ ಅಂಚು ಬಂಪರಿನ ಅಂಚಿನ ಮೇಲೆ ಕೂರಬೇಕು, ಕೆಳಗೆ ಬರಬಾರದು. ಕೆಳಗೆ ಬಂದರೆ ಗಾಳಿ ಆ ಸಂದಿಗೆ ನುಗ್ಗಿ ಇಡೀ ಹಾಳೆಯನ್ನೇ ಕಿತ್ತು ರಸ್ತೆಗೆ ಎಸೆಯುತ್ತದೆ, ಹಿಂದೆ ಬೈಕಿನಲ್ಲಿ ಬರುವವರ ಗತಿ ಯೋಚಿಸಿ. ಡ್ರೈನ್ ಬೋಲ್ಟಿನ ಕೆಳಗೆ 15 ಸೆಂ.ಮೀ. ಕಿಟಕಿ ಬಿಟ್ಟು, ಎರಡು ರೆಕ್ಕೆ ಬೋಲ್ಟಿನ ಮುಚ್ಚಳ ಮಾಡಿದರೆ ಆಯಿಲ್ ಬದಲಿಸುವವರು ಹಾಳೆಯನ್ನೇ ಹರಿಯುವುದಿಲ್ಲ.

ಆಯಿಲ್ ಜಿನುಗುವ ಎಂಜಿನ್ನಾದರೆ ಮೊದಲು ಸೀಲ್ ಹಾಕಿಸಿ, ಆಮೇಲೆ ಈ ಕೆಲಸ. ಹಾಳೆಯ ಮೇಲೆ ನಿಂತ ಆಯಿಲ್‌ಗೆ ಧೂಳು ಸೇರಿ, ಬಿಸಿ ಪೈಪಿನ ಪಕ್ಕದಲ್ಲಿ ಬೆಂಕಿಗೆ ದಾರಿಯಾಗುತ್ತದೆ. ಬೇಸ್‌ಮೆಂಟಿನಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಯಾದರೆ ಇಲಿಗಳಿಗೆ ಈ ಹಾಳೆ ಹಾಸಿಗೆ. ಅಂಥವರು ಡ್ಯಾಮಿನಲ್ಲೇ ತೃಪ್ತಿಪಡುವುದು ಮೇಲು, ವೈರಿಂಗ್ ರಿಪೇರಿ ಸಾವಿರಗಳ ಬಾಬ್ತು.

ಹಿಂದಿನ ಬಂಪರಿನ ಒಳಗೆ ಬಗ್ಗಿ ನೋಡಿದರೆ ಅದು ಟೊಳ್ಳು ಬುಟ್ಟಿ. ತಳದಲ್ಲಿ ಹರಿದು ಬಂದ ಗಾಳಿಯನ್ನು ಪ್ಯಾರಾಶೂಟಿನಂತೆ ಹಿಡಿಯುತ್ತದೆ. ಹಿಂದಿನ ಆಕ್ಸಲ್ ದಾಟಿದ ಮೇಲೆ ಬಂಪರಿನ ಕೆಳ ಅಂಚಿನವರೆಗೆ ಒಂದೇ ಒಂದು ತುಂಡು ಹಾಳೆಯನ್ನು ತುಸು ಮೇಲ್ಮುಖವಾಗಿ ಹಾಕಿ ಆ ಬಾಯಿ ಮುಚ್ಚುವುದು ತಳದ ಕೆಲಸದಲ್ಲೆಲ್ಲ ಅತಿ ಸುಲಭದ್ದು. ಸೈಲೆನ್ಸರ್ ಇರುವ ಬದಿಯನ್ನು ಬಿಟ್ಟು ಮಾಡಿ.

ಚಕ್ರದ ಮುಚ್ಚಳ

14 ಇಂಚಿನ ಸ್ಟೀಲ್ ರಿಮ್‌ಗೆ ತೂತು ಕಡಿಮೆಯಿರುವ, ಹೆಚ್ಚು ಚಪ್ಪಟೆಯಾದ ವೀಲ್ ಕ್ಯಾಪ್ ಆರಿಸಿ. ಕ್ಲಿಪ್ ನಂಬದೆ ಎರಡು ಕೇಬಲ್ ಟೈ ಕೂಡ ಹಾಕಿ. ಲಾಭ ಸಣ್ಣದು, ಖರ್ಚೂ ಸಣ್ಣದು. ಶಿರಾಡಿ, ಚಾರ್ಮಾಡಿ, ಆಗುಂಬೆ ಇಳಿಯುವವರು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹಾಕಿ. ಇಳಿಜಾರಿನಲ್ಲಿ ಮುಂದಿನ ಡಿಸ್ಕ್‌ಗಳಿಗೆ ಸಿಗುವ ಗಾಳಿಗೆ ಅಡ್ಡ ಬರುವುದು ಬೇಡ.

ಬಾಲ: ವ್ಯಾಗನ್ನಿನ ನಿಜವಾದ ಗಣಿ

ನೆಟ್ಟಗೆ ಕತ್ತರಿಸಿದ ಬೆನ್ನಿನ ಬಗ್ಗೆ ವ್ಯಾಗನ್‌ನವರು ತಲೆ ತಗ್ಗಿಸಬೇಕಿಲ್ಲ. 1984ರಲ್ಲಿ ಎಸ್.ಆರ್. ಅಹ್ಮದ್ ಮತ್ತು ಸಂಗಡಿಗರು ಸರಳ ಕಾರಿನಾಕಾರದ ಮಾದರಿಯ ಮೇಲೆ ಮಾಡಿ ಪ್ರಕಟಿಸಿದ ಪ್ರಯೋಗದಲ್ಲಿ ಎಳೆತ ಅತಿ ಹೆಚ್ಚಿದ್ದದ್ದು ಬೆನ್ನು ಮಟ್ಟದಿಂದ 30 ಡಿಗ್ರಿಯ ಹತ್ತಿರ ಇಳಿದಿದ್ದಾಗ, ನೆಟ್ಟನೆಯ ಬೆನ್ನಿಗಲ್ಲ. ಅತಿ ಕಡಿಮೆ ಇದ್ದದ್ದು 12 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಚಾವಣಿಯನ್ನು ಸ್ವಲ್ಪವೇ ಇಳಿಸುತ್ತಾ ಸ್ವಲ್ಪವೇ ಮುಂದುವರಿಸಿದರೆ ಸಾಕು, ಹಿಂದಿನ ಗುಂಡಿ ಕಿರಿದಾಗುತ್ತದೆ. 1970ರ ದಶಕದಲ್ಲಿ ನಾಸಾ ಸಂಸ್ಥೆ ಪೆಟ್ಟಿಗೆಯಾಕಾರದ ವ್ಯಾನ್ ಮೇಲೆ ನಡೆಸಿದ ಪ್ರಯೋಗಗಳಲ್ಲೂ ಮೂಲೆಗಳನ್ನು ದುಂಡಗೆ ಮಾಡಿದಾಗ ಎಳೆತ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಬಾಲ ಚೂಪು ಮಾಡಿದಾಗ ಇನ್ನೂ ಇಳಿಯಿತು.

ಅಂಗಡಿಯಲ್ಲಿ ಸಿಗುವ ಸ್ಪಾಯ್ಲರ್‌ಗಳಲ್ಲಿ ಹೆಚ್ಚಿನವು ತುದಿಯಲ್ಲಿ ಮೇಲಕ್ಕೆ ಬಾಗಿರುತ್ತವೆ. ಅವು ಎಳೆತ ಹೆಚ್ಚಿಸುತ್ತವೆ, ದುಡ್ಡು ಕೊಟ್ಟು ಡೀಸೆಲ್ ಸುಟ್ಟಂತೆ. ಗಾಳಿಯನ್ನು ಗಾಜಿನ ಮೇಲೆ ಕೆಳಕ್ಕೆ ತಿರುಗಿಸುವ ಡಿಫ್ಲೆಕ್ಟರ್ ಗಾಜನ್ನು ಶುಚಿಯಾಗಿಡುತ್ತದೆ, ಮೈಲೇಜಿಗೆ ಉಪಕಾರವಿಲ್ಲ. ಬೇಕಾದದ್ದು ಚಾವಣಿಯ ಸಾಲಿನಲ್ಲೇ 10ರಿಂದ 15 ಸೆಂ.ಮೀ. ಹಿಂದಕ್ಕೆ ಚಾಚುವ, ಮಟ್ಟಕ್ಕೆ 8ರಿಂದ 10 ಡಿಗ್ರಿ ಇಳಿಯುವ ಚಪ್ಪಟೆ ಹಾಳೆ. 3 ಮಿ.ಮೀ. ಎಬಿಎಸ್ ಪ್ಲಾಸ್ಟಿಕ್ ಶೀಟಿನಲ್ಲಿ ಮಾಡಿಸಬಹುದು. ಕೋನವನ್ನು ಫೋನಿನ ಲೆವೆಲ್ ಆ್ಯಪ್‌ನಿಂದ ನೋಡಿ. ಚಾವಣಿಯ ತುದಿಯೇ ಆಗಲೇ 6 ಡಿಗ್ರಿ ಇಳಿದಿದ್ದರೆ ಇನ್ನು ಮೂರ್ನಾಲ್ಕು ಡಿಗ್ರಿ ಮಾತ್ರ ಸೇರಿಸಿ. 12 ದಾಟಿದರೆ ಗಾಳಿ ಹಾಳೆಯ ಬುಡದಲ್ಲೇ ಕಿತ್ತುಕೊಳ್ಳಬಹುದು, ಆಗ ಮಾಡಿದ್ದೆಲ್ಲ ವ್ಯರ್ಥ. ಹಿಂಗಾಜಿನ ಎರಡೂ ಬದಿಯ ಕಂಬಗಳಿಗೆ 7-8 ಸೆಂ.ಮೀ.ಯ ನೆಟ್ಟ ರೆಕ್ಕೆ ಸೇರಿಸಿದರೆ ಮೇಲಿನ ಹಾಳೆಯ ಲಾಭ ಮೂಲೆಗಳಲ್ಲಿ ಸೋರಿಹೋಗುವುದಿಲ್ಲ.

ಗಾಳಿ ಅಂಟಿಕೊಂಡಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು. ಸ್ವೆಟರಿನ ಉಣ್ಣೆ ನೂಲನ್ನು 10 ಸೆಂ.ಮೀ. ತುಂಡು ಮಾಡಿ, ಒಂದು ತುದಿಗೆ ಮಾಸ್ಕಿಂಗ್ ಟೇಪ್ ಹಾಕಿ, ಚಾವಣಿಯ ಹಿಂಭಾಗಕ್ಕೂ ಹೊಸ ಹಾಳೆಗೂ ಗೇಣಿಗೊಂದರಂತೆ ಅಂಟಿಸಿ. ಪಕ್ಕದಲ್ಲಿ ಇನ್ನೊಂದು ಕಾರಿನಿಂದ, ಹಿಂದಿನ ಸೀಟಿನವರು 60-70ರ ವೇಗದಲ್ಲಿ ವಿಡಿಯೊ ತೆಗೆಯಲಿ. ನೂಲುಗಳು ಬಾಚಿದ ಕೂದಲಂತೆ ಹಿಂದಕ್ಕೆ ಮಲಗಿದ್ದರೆ ಕೋನ ಸರಿ. ತಲೆ ಕೊಡವಿ ಗಿರಗಿರ ತಿರುಗುತ್ತಿದ್ದರೆ, ಇಲ್ಲವೇ ಮುಂದಕ್ಕೇ ವಾಲಿದ್ದರೆ, ಇಳಿಜಾರು ಕಡಿಮೆ ಮಾಡಿ. ಹತ್ತು ರೂಪಾಯಿಯ ನೂಲು ಹೇಳುವಷ್ಟು ಸತ್ಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಎರಡು ಎಚ್ಚರಿಕೆ. ಮೂರನೆಯ ಬ್ರೇಕ್ ಲೈಟನ್ನು ಹಾಳೆ ಮರೆಮಾಡಬಾರದು. ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕ್‌ಗಳು ಹಳೆಯದಾಗಿದ್ದರೆ ಅರ್ಧ ಕೆ.ಜಿ. ಹೆಚ್ಚುವರಿ ಭಾರಕ್ಕೇ ಬಾಗಿಲು ತಲೆಯ ಮೇಲೆ ಬೀಳುತ್ತದೆ. ಮೊದಲು ಅವನ್ನು ಬದಲಿಸಿ. ಅಂಟಿಸಲು ಒಳ್ಳೆಯ ದರ್ಜೆಯ ಡಬಲ್ ಸೈಡ್ ಫೋಮ್ ಟೇಪ್ ಸಾಕು, ಮೇಣದ ಪಾಲಿಷನ್ನು ಸ್ಪಿರಿಟ್‌ನಿಂದ ಒರೆಸಿದ ಮೇಲೆ. ಆದರೂ ಎರಡು ಸಣ್ಣ ಸ್ಕ್ರೂ ಜೊತೆಗಿರಲಿ.

ಕೊಳ್ಳಬಾರದ್ದು

ಚಾವಣಿಯ ತುದಿಗೆ ಅಂಟಿಸುವ ಶಾರ್ಕ್ ರೆಕ್ಕೆ ಸಾಲುಗಳನ್ನು ಬಿಟ್ಟುಬಿಡಿ. ಮಿತ್ಸುಬಿಷಿಯ ಎಂಜಿನಿಯರುಗಳು 2004ರಲ್ಲಿ ಲ್ಯಾನ್ಸರ್ ಎವಲ್ಯೂಷನ್ ಸೆಡಾನ್ ಮೇಲೆ ಅಂಥವನ್ನು ಅಳೆದಾಗ ಗುಣಾಂಕ ಇಳಿದದ್ದು 0.006. ಅದೂ ಗಾಜು ಇಳಿಜಾರಾಗಿರುವ ಸೆಡಾನ್. ವ್ಯಾಗನ್ನಿನಲ್ಲಿ ಗಾಳಿ ಕಿತ್ತುಕೊಳ್ಳುವುದು ಚೂಪಾದ ಅಂಚಿನಲ್ಲಿ, ಅದನ್ನು ರೆಕ್ಕೆಗಳು ಮುಂದೂಡಲಾರವು. ಇಂಧನ ಪೈಪಿಗೆ ಕಟ್ಟುವ ಆಯಸ್ಕಾಂತ, ಸಿಗರೇಟ್ ಲೈಟರಿಗೆ ಚುಚ್ಚುವ ಫ್ಯುಯೆಲ್ ಸೇವರ್, ಗಾಳಿ ಸುಳಿಯೆಬ್ಬಿಸುವ ಫ್ಯಾನ್ ಇವುಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅಲಾಯ್ ಚಕ್ರ, ಅಗಲ ಟೈರು ಹಾಕಿಸಿ ಮೈಲೇಜ್ ಕೇಳುವುದು ಮೂಗಿಗಿಂತ ಮೂಗುತಿ ಭಾರ ಎಂಬ ಮಾತಿಗೆ ತಕ್ಕ ಉದಾಹರಣೆ.

ಅಳೆಯುವುದು ಹೇಗೆ

ಮೇಲಿನದೆಲ್ಲ ಸೇರಿ ಎಳೆತ ಶೇ. 10 ಇಳಿದರೆ ಅದು ಒಳ್ಳೆಯ ಕೆಲಸ. 100ರ ವೇಗದಲ್ಲಿ ಒಟ್ಟು ಎದುರುಬಲದಲ್ಲಿ ಶೇ. 6-7 ಕಡಿಮೆಯಾಗುತ್ತದೆ, ಇಂಧನದಲ್ಲಿ ಶೇ. 4-5. ಕ್ಯಾರಿಯರ್ ಇಳಿಸಿದ್ದು, ಟೈರಿನ ಗಾಳಿ, ಬ್ರೇಕ್ ಸರಿಮಾಡಿದ್ದು ಸೇರಿದರೆ ಶೇ. 8 ತಲುಪಬಹುದು. ತಿಂಗಳಿಗೆ ಹೈವೇಯಲ್ಲಿ 1,000 ಕಿ.ಮೀ., ಲೀಟರಿಗೆ 18 ಕಿ.ಮೀ., ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 400 ರೂಪಾಯಿ ಉಳಿತಾಯ. ಸಾಮಾನಿಗೆ 4,000-5,000 ರೂಪಾಯಿ ದಾಟದಂತೆ ನೋಡಿಕೊಂಡರೆ ಹಾಕಿದ ದುಡ್ಡು ವರ್ಷದಲ್ಲಿ ಹುಟ್ಟುತ್ತದೆ. 100ರ ಬದಲು 80ರಲ್ಲಿ ಹೋದರೆ ಎದುರುಬಲ ಅದರಷ್ಟಕ್ಕೇ ಸುಮಾರು ಕಾಲು ಭಾಗ ಇಳಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಟ್ಯಾಂಕ್ ತುಂಬಿಸಿ ಅಳೆಯುವಾಗ ಒಂದೇ ಬಂಕ್, ಒಂದೇ ಪಂಪು, ಮೊದಲ ಕಟ್ ಆದ ಕೂಡಲೇ ನಿಲ್ಲಿಸುವುದು. ಹೋಗಿಬರುವ ಎರಡೂ ದಾರಿ ಲೆಕ್ಕಕ್ಕೆ ಬರಲೇಬೇಕು. ಮೈಸೂರು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ. ಆ ಇಳಿತವೊಂದೇ ಹೋಗುವಾಗ ಮೈಲೇಜನ್ನು ಶೇ. 2ರಷ್ಟು ಏರಿಸಿ ತೋರಿಸುತ್ತದೆ, ಅಂದರೆ ಒಂದು ಸಾಮಾನಿನ ಲಾಭದಷ್ಟು. ಒಂದು ಟ್ಯಾಂಕ್ ಸಾಲದು, ಸಾಮಾನು ಹಾಕುವ ಮೊದಲು ಮೂರು, ಹಾಕಿದ ಮೇಲೆ ಮೂರು. ಬೆಳಗಿನ ಆರು ಗಂಟೆಯ ನಿಶ್ಚಲ ಗಾಳಿ ಒಳ್ಳೆಯದು. ಚಿತ್ರದುರ್ಗದ ಸುತ್ತಮುತ್ತ ಅಳೆಯಲು ಹೋಗಬೇಡಿ, ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಗಾಳಿಗಾಗಿ.

ನ್ಯೂಟ್ರಲ್‌ನಲ್ಲಿ ಬಿಟ್ಟು 80ರಿಂದ 60ಕ್ಕೆ ಇಳಿಯುವ ಸಮಯ ನೋಡುವ ಪರೀಕ್ಷೆಯೂ ಉಂಟು. ಮೇಲಿನ ಲೆಕ್ಕದ ಗಾಡಿಗೆ ಅದು ಸುಮಾರು 24 ಸೆಕೆಂಡು. ಎಳೆತ ಶೇ. 10 ಇಳಿದರೆ 25. ಒಂದೇ ಸೆಕೆಂಡಿನ ವ್ಯತ್ಯಾಸ ಹಿಡಿಯಲು ಎರಡೂ ದಿಕ್ಕಿನಲ್ಲಿ ಕನಿಷ್ಠ ಹತ್ತು ಹತ್ತು ಸಲ, ಖಾಲಿ ಸಮತಟ್ಟು ರಸ್ತೆಯಲ್ಲಿ ಮಾಡಬೇಕು. ಎಂಜಿನ್ ಓಡುತ್ತಲೇ ಇರಲಿ. ಕೀ ತಿರುಗಿಸಿದರೆ ಬ್ರೇಕಿನ ನೆರವು ಹೋಗುತ್ತದೆ, ಸ್ಟೀರಿಂಗ್ ಲಾಕ್ ಆಗಬಹುದು.

ಈ ವ್ಯಾಗನ್‌ಗಳಿಗೆಲ್ಲ ಹದಿನೈದು ವರ್ಷ ತುಂಬಿದೆ ಇಲ್ಲವೇ ತುಂಬುತ್ತಿದೆ, ಆರ್‌ಸಿ ನವೀಕರಣಕ್ಕೆ ಐದು ವರ್ಷಕ್ಕೊಮ್ಮೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಬಾಡಿ ಕತ್ತರಿಸಿ, ಬೆಸುಗೆ ಹಾಕಿ ಮಾಡಿದ ಯಾವುದೂ ಅಲ್ಲಿ ಪಾಸಾಗುವುದಿಲ್ಲ, ಆಗಲೂಬಾರದು. ಇಲ್ಲಿ ಹೇಳಿದ್ದೆಲ್ಲ ಬೋಲ್ಟು, ಸ್ಕ್ರೂ, ಟೇಪಿನಲ್ಲಿ ನಿಲ್ಲುವಂಥದ್ದು. ತಪಾಸಣೆಗೆ ಹೋಗುವ ಹಿಂದಿನ ದಿನ ಬಾಲದ ಹಾಳೆ, ರೆಕ್ಕೆ, ಡ್ಯಾಮ್ ಬಿಚ್ಚಿಡಿ. ಮತ್ತೆ ಹಾಕುವಾಗ ಹೊಸ ನೈಲಾಕ್ ನಟ್ ಬಳಸಿ. ಹಳೆಯವು ಎರಡನೇ ಸಲ ಅಷ್ಟು ಬಿಗಿ ಹಿಡಿಯುವುದಿಲ್ಲ. ಹಾಕಿ 500 ಕಿ.ಮೀ. ಓಡಿದ ಮೇಲೆ ಇನ್ನೊಂದು ಸುತ್ತು ಬಿಗಿಮಾಡಿ, ಮಳೆಗಾಲ ಮುಗಿದ ಮೇಲೆ ತಳದ ಹಾಳೆ ಇಳಿಸಿ ಕೆಸರು ತೊಳೆಯಿರಿ.